ಜೂನ್ ತಿಂಗಳ ಹಾಜರಿ: ನಮ್ಮ ಸೀಮೆಯ ಶಾಲೆ, ರೋಗ ಮತ್ತು ಮನೆ

ಸುವರ್ಣ ಮಹೋತ್ಸವದ ಸಂಚಿಕೆಗಳಲ್ಲಿ ಶಾಲೆಯ ಇತಿಹಾಸವೆಂದರೆ ಸಾಮಾನ್ಯವಾಗಿ ಕಟ್ಟಡದ ಇತಿಹಾಸ, ಮುಖ್ಯೋಪಾಧ್ಯಾಯರ ಪಟ್ಟಿ, ಎಸ್.ಎಸ್.ಎಲ್.ಸಿ. ಫಲಿತಾಂಶದ ಕೋಷ್ಟಕ. ಅವುಗಳನ್ನು ಈ ಸಂಚಿಕೆಯಲ್ಲಿ ಬೇರೆ ಹಿರಿಯರು ಚೆನ್ನಾಗಿಯೇ ಬರೆದಿದ್ದಾರೆ. ನಾನು ಹಿಡಿದಿರುವ ಎಳೆ ಬೇರೆ. ಬೇಸಿಗೆ ರಜೆ ಮುಗಿದು ಗಂಟೆ ಬಾರಿಸಿದ ದಿನ ಯಾವ ಮಕ್ಕಳು ಮರಳಿ ಬಂದರು, ಯಾರು ಬರಲಿಲ್ಲ, ಬಾರದಿದ್ದುದಕ್ಕೆ ಕಾರಣವೇನು ಎಂಬುದು. ಹಳೆಯ ಹಾಜರಿ ಪುಸ್ತಕಗಳನ್ನು ತಿರುವಿದವರಿಗೆ ಗೊತ್ತು: ಜೂನ್ ತಿಂಗಳ ಪುಟದಲ್ಲಿ ಗೈರುಹಾಜರಿಯ ಗುರುತುಗಳೇ ಹೆಚ್ಚು. ಆ ಗುರುತುಗಳ ಹಿಂದೆ ಹುಡುಗನ ಸೋಮಾರಿತನ ಇದ್ದದ್ದು ಕಡಿಮೆ. ಕುಡಿಯುವ ನೀರು, ಮನೆಯ ಹಿಟ್ಟಿನ ಡಬ್ಬಿ, ಕಾಲಿನ ಬಲ, ಅವ್ವನ ಕೂಲಿ ಇದ್ದದ್ದು ಹೆಚ್ಚು.

ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. 1948ರ ತನಕ ಇವು ಬೇರೆ ಬೇರೆ ಒಡೆತನಗಳು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಸಂಸ್ಥಾನಗಳು ವಿಲೀನವಾಗಿ ಮುಂಬೈ ಪ್ರಾಂತ್ಯಕ್ಕೆ ಸೇರಿದೆವು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದೆವು, 1997ರ ಆಗಸ್ಟ್ 15ರಿಂದ ಬಾಗಲಕೋಟೆ ಜಿಲ್ಲೆಯವರಾದೆವು. ರಾಜರ ಗಡಿಗಳು ಬದಲಾದವು, ಆದರೆ ರೋಗಕ್ಕೆ ಎಂದೂ ಗಡಿಯಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬೈಯಿಂದ ಹೊರಟ ಪ್ಲೇಗು ಈ ಸೀಮೆಗೂ ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು, ಸಾಲಿ ಬಾಗಿಲು ಹಾಕಿತು. 1918ರ ಇನ್‌ಫ್ಲುಯೆಂಜಾ ಮನೆಮನೆಯನ್ನು ಖಾಲಿ ಮಾಡಿತು. ಆಗಿನ ಸರ್ಕಾರಗಳಿಗೆ ಮಕ್ಕಳ ಆರೋಗ್ಯವೆಂದರೆ ಹೆಚ್ಚುಕಡಿಮೆ ಒಂದೇ ಕೆಲಸ, ದೇವಿ ಹಾಕುವುದು.

ಐವತ್ತು ದಾಟಿದ ಓದುಗರು ತಮ್ಮ ತೋಳು ನೋಡಿಕೊಳ್ಳಬಹುದು. ಸಿಡುಬಿನ ಆ ಎರಡು ದುಂಡನೆಯ ಕಲೆ ನಮ್ಮ ಪೀಳಿಗೆಯ ಗುರುತಿನ ಚೀಟಿ. ದೇವಿ ಹಾಕುವವರು ಊರಿಗೆ ಬಂದರೆಂಬ ಸುದ್ದಿ ಬಂದರೆ ಹುಡುಗರು ಕಿಟಕಿ ಹಾರಿ ಜೋಳದ ಹೊಲ ಸೇರುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ನಮ್ಮ ಪ್ರೌಢಶಾಲೆಯ ಆರಂಭದ ಕಾಲ ಮತ್ತು ಸಿಡುಬಿನ ಅಂತ್ಯಕಾಲ ಒಂದೇ ಎನ್ನುವುದು ಬರಿಯ ಕಾಕತಾಳೀಯ. ಆದರೆ ಆ ರೋಗ ಬಿಟ್ಟುಹೋದ ಕುರುಡು ಕಣ್ಣುಗಳು ಊರಲ್ಲಿ ಇನ್ನೂ ಬಹಳ ವರ್ಷ ಇದ್ದವು. ಆ ಕಣ್ಣುಗಳವರು ಯಾರೂ ನಮ್ಮ ಶಾಲೆಯ ಪಟ್ಟಿಯಲ್ಲಿರಲಿಲ್ಲ. ಅವರು ಗುಡಿಯ ಕಟ್ಟೆಯ ಮೇಲೆ ಭಜನೆ ಹೇಳುತ್ತಿದ್ದರು. ಅವರು ಶಾಲೆಗೆ ಬರಬೇಕಾಗಿತ್ತು ಎಂದು ಆಗ ಯಾರಿಗೂ ಅನ್ನಿಸಿದಂತಿಲ್ಲ.

ನಾರುಹುಣ್ಣಿನ ಬಗ್ಗೆ ಈಗಿನ ಹತ್ತನೇ ತರಗತಿಯವರಿಗೆ ಹೇಳಿದರೆ ನಂಬುವುದಿಲ್ಲ. ಮೆಟ್ಟಿಲು ಬಾವಿ, ಕೆರೆ, ಹೊಂಡದ ನೀರು ಕುಡಿದವರ ಹೊಟ್ಟೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜಲಚರದ ಜೊತೆ ಮರಿಹುಳು ಸೇರುತ್ತಿತ್ತು. ಸುಮಾರು ಒಂದು ವರ್ಷ ಮೈಯೊಳಗೇ ಬೆಳೆದು, ಮೊಳದುದ್ದಕ್ಕೂ ಮೀರಿ, ಕೊನೆಗೆ ಹೆಚ್ಚಾಗಿ ಮೊಳಕಾಲ ಕೆಳಗೆ ಬೊಕ್ಕೆಯೆದ್ದು ಹೊರಬರುತ್ತಿತ್ತು. ಔಷಧವಿರಲಿಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು; ಅವಸರ ಮಾಡಿ ಹರಿದರೆ ಕೀವು ತುಂಬಿ ಕಾಲು ಊದುತ್ತಿತ್ತು. ಉರಿ ತಾಳಲಾರದೆ ರೋಗಿ ಅದೇ ಬಾವಿಯ ನೀರಿಗೆ ಕಾಲಿಟ್ಟರೆ ಹುಳು ಸಾವಿರಾರು ಮರಿ ಬಿಟ್ಟು ಮುಂದಿನ ವರ್ಷದ ರೋಗಕ್ಕೆ ಬೀಜ ಬಿತ್ತುತ್ತಿತ್ತು. ಬಾವಿಯ ನೀರು ತಳ ಕಂಡ ಬೇಸಿಗೆಯಲ್ಲಿ ಇದರ ಹಾವಳಿ ಹೆಚ್ಚು. ಹಾಗಾಗಿ ಶಾಲೆ ತೆರೆಯುವ ಹೊತ್ತಿಗೆ ಹುಡುಗ ಹೊರಸಿನ ಮೇಲೆ. "ಕಾಲಾಗ ನಾರು ಹೊಂಟೈತ್ರಿ ಮಾಸ್ತರ" ಎಂದು ಅಪ್ಪನೋ ಅಣ್ಣನೋ ಬಂದು ಹೇಳಿದರೆ, ಅದರರ್ಥ ಆ ಹುಡುಗ ಇನ್ನು ಕೆಲವು ವಾರ ಇಲ್ಲ. ಮನೆಯ ದುಡಿಯುವವರಿಗೇ ನಾರು ಹೊರಟರೆ ಹುಡುಗನ ಕಾಲು ಗಟ್ಟಿಯಿದ್ದರೂ ಅವನು ಇಲ್ಲ, ಏಕೆಂದರೆ ಬಿತ್ತನೆಗೆ ಕೂರಿಗೆ ಹಿಂದೆ ಹೋಗಬೇಕಾದವನು ಅವನೇ.

ಈ ರೋಗ ಇಲ್ಲವಾದದ್ದು ಯಾವ ಮಾತ್ರೆಯಿಂದಲೂ ಅಲ್ಲ, ಸೂಜಿಯಿಂದಲೂ ಅಲ್ಲ. 1980ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರ ನಿರ್ಮೂಲನ ಕಾರ್ಯಕ್ರಮ ತೆಗೆದುಕೊಂಡಾಗ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದರು, ಬೋರ್‌ವೆಲ್ ಕೊರೆದರು, ಬಾವಿಗೆ ಔಷಧ ಹಾಕಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು. ನಮ್ಮ ಸೀಮೆಯಲ್ಲಿ ಶಾಲೆಯ ಹಾಜರಿಗೆ ಕೈಪಂಪು ಮಾಡಿದಷ್ಟು ಉಪಕಾರವನ್ನು ಯಾವ ಸುತ್ತೋಲೆಯೂ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಸೋಸುವ ಬಟ್ಟೆಯ ಪಾಠವನ್ನು ಮನೆಗೆ ಒಯ್ದವರಲ್ಲಿ ಶಾಲೆಯ ಮಕ್ಕಳೂ ಇದ್ದರು ಎನ್ನುವುದನ್ನು ಮರೆಯಬಾರದು.

ಇನ್ನು ಊಟ. ಹಿರಿಯ ವಿದ್ಯಾರ್ಥಿಗಳು ಸೇರಿದಾಗ ಪ್ರಾಥಮಿಕ ಶಾಲೆಯ ಕೇರ್ ಉಪ್ಪಿಟ್ಟಿನ ಮಾತು ಬಂದೇ ಬರುತ್ತದೆ. ಅಮೆರಿಕದಿಂದ ಬಂದ ಗೋಧಿ ರವೆ, ಹಾಲಿನ ಪುಡಿ, ಡಬ್ಬಿಯ ಎಣ್ಣೆ. ಆ ವಾಸನೆಯನ್ನು ಇಂದಿಗೂ ಮೂಗಿನಲ್ಲಿಟ್ಟುಕೊಂಡವರಿದ್ದಾರೆ. 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಬಂತು: ಶೇ 80 ಹಾಜರಿ ಇದ್ದ ಪ್ರಾಥಮಿಕ ಶಾಲೆಯ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ. ಅಕ್ಕಿ ಚೀಲ ಮನೆಗೆ ಹೋಯಿತು. ಜೋಳದ ರೊಟ್ಟಿಯ ನಾಡಿನಲ್ಲಿ ಅನ್ನವೆಂದರೆ ಆಗಿನ್ನೂ ಹಬ್ಬದ ಊಟ. ಮೂರು ಕಿಲೊ ಅಕ್ಕಿ ಇಡೀ ಮನೆಗೆ ಎರಡು ದಿನಕ್ಕೆ ಮುಗಿಯುತ್ತಿತ್ತು. ಮಗುವಿನ ಮಧ್ಯಾಹ್ನದ ಹಸಿವು ಹಾಗೇ ಉಳಿಯಿತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ, 2002ರ ಜೂನ್‌ನಲ್ಲಿ ನಮ್ಮ ರಾಜ್ಯದ ಅಕ್ಷರ ದಾಸೋಹ ಶುರುವಾಯಿತು. ಮೊದಲು ಆರಿಸಿದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು ಎಂದರೆ, ಹಸಿವು ನಮ್ಮಲ್ಲಿ ಎಷ್ಟಿತ್ತು ಎಂದು ಸರ್ಕಾರಕ್ಕೂ ಗೊತ್ತಿತ್ತು ಎಂದೇ ಅರ್ಥ. ಪ್ರೌಢಶಾಲೆಗೆ ಅದು ಬಂದದ್ದು 2007ರಲ್ಲಿ. ಅಲ್ಲಿಯವರೆಗೆ ಏಳನೇ ತರಗತಿ ಮುಗಿಸಿ ನಮ್ಮಲ್ಲಿಗೆ ಬಂದ ಮಗು ಒಮ್ಮೆಲೇ ಊಟ ಕಳೆದುಕೊಳ್ಳುತ್ತಿತ್ತು. ಬುತ್ತಿ ತರದವರು ಮಧ್ಯಾಹ್ನದ ಗಂಟೆ ಬಾರಿಸಿದಾಗ ನಳದ ಕಡೆ ಹೋಗಿ ಹೊಟ್ಟೆ ತುಂಬ ನೀರು ಕುಡಿದು ಬರುತ್ತಿದ್ದುದನ್ನು ನೋಡಿದವರು ಈ ಸಂಚಿಕೆಯ ಓದುಗರಲ್ಲೇ ಇದ್ದಾರೆ.

ದಾಸೋಹ ಎಂಬ ಹೆಸರು ಬಸವಣ್ಣನವರ ನಾಡಿಗೆ ಒಪ್ಪುವಂಥದು. ಆದರೂ ಯಾರು ಬೇಯಿಸಿದರು ಎಂಬ ಪ್ರಶ್ನೆ ಶುರುವಿನಲ್ಲಿ ಅಲ್ಲಲ್ಲಿ ಎದ್ದದ್ದುಂಟು. ಅದನ್ನು ಹಿಂದಿಕ್ಕಿದವರು ಮಕ್ಕಳೇ. ಅಡುಗೆಗೆ ನೇಮಕವಾದವರಲ್ಲಿ ಗಂಡನಿಲ್ಲದ ತಾಯಂದಿರು ಅನೇಕರು. ಒಲೆಯ ಮುಂದೆ ಅವ್ವ, ತರಗತಿಯಲ್ಲಿ ಮಗಳು. ಒಂದೇ ಯೋಜನೆ ಎರಡು ರೀತಿಯಲ್ಲಿ ಒಂದು ಮನೆಯನ್ನು ಹಿಡಿದು ನಿಲ್ಲಿಸಿದ ಉದಾಹರಣೆಗಳು ನಮ್ಮ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. 2006-07ರಲ್ಲಿ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಬಂತು, ಮುಂದೆ ಹುಡುಗರಿಗೂ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು. ಆಮೇಲೆ ಬೂಟು, ಕಾಲುಚೀಲ, ಜಂತುಹುಳುವಿನ ಮಾತ್ರೆ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಇತ್ತೀಚೆಗೆ ಮೊಟ್ಟೆ. ಇವುಗಳ ಪಟ್ಟಿ ಎಲ್ಲರಿಗೂ ಗೊತ್ತಿದೆ, ಬೆಳೆಸುವುದಿಲ್ಲ.

ಇವೆಲ್ಲ ಶಾಲೆಯವರೆಗೆ ನಡೆದು ಬರಬಲ್ಲ ಮಕ್ಕಳ ಮಾತು. ಬರಲಾರದವರದು ಬೇರೆ ಕಥೆ, ಮತ್ತು ಈ ಲೇಖನ ಬರೆಯಲು ಕೂತದ್ದು ಮುಖ್ಯವಾಗಿ ಅವರಿಗಾಗಿ.

1970, 80ರ ದಶಕಗಳಲ್ಲಿ ನಮ್ಮ ಊರುಗಳ ಪ್ರತಿ ಓಣಿಯಲ್ಲೂ ಪೋಲಿಯೊ ಮುಟ್ಟಿಹೋದ ಒಂದು ಮಗುವಾದರೂ ಇರುತ್ತಿತ್ತು. "ಜ್ವರ ಬಂತು, ಸೂಜಿ ಮಾಡಿಸಿದಿವಿ, ಕಾಲು ಹೋತು" ಎಂದು ತಾಯಂದಿರು ಹೇಳುತ್ತಿದ್ದರು. ಅದರಲ್ಲಿ ನಿಜವೂ ಇತ್ತು: ಪೋಲಿಯೊ ಸೋಂಕು ಮೈಯಲ್ಲಿದ್ದಾಗ ಮಾಂಸಖಂಡಕ್ಕೆ ಚುಚ್ಚುಮದ್ದು ಕೊಟ್ಟರೆ ಆ ಅಂಗಕ್ಕೆ ಪಾರ್ಶ್ವವಾಯು ಬಡಿಯುವ ಸಂಭವ ಹೆಚ್ಚೆಂದು ವೈದ್ಯರೇ ಒಪ್ಪುತ್ತಾರೆ. ಊರು ಆ ಮಗುವಿನ ಹೆಸರನ್ನು ಮರೆತು ಕೊರತೆಯನ್ನೇ ಹೆಸರಾಗಿ ಕರೆಯುತ್ತಿತ್ತು. ಕುಂಟ, ಕಿವುಡ, ಮೂಗ. ಹಾಜರಿ ಪುಸ್ತಕದಲ್ಲಿ ಒಳ್ಳೆಯ ಹೆಸರು ಬರೆಸಿಕೊಂಡವರನ್ನೂ ಮೈದಾನದಲ್ಲಿ ಹಾಗೆಯೇ ಕೂಗುತ್ತಿದ್ದರು. ಶಾಲೆಗೆ ಬಂದವರು ಬಂದದ್ದು ಮನೆಯವರ ಹೆಗಲ ಮೇಲೆ. ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ, ಹೊಲಕ್ಕೆ ಹೋಗುವ ಚಕ್ಕಡಿಯಲ್ಲಿ. ಅಣ್ಣ ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷವೇ ತಮ್ಮನ ಓದೂ ನಿಂತದ್ದುಂಟು, ಕರೆತರುವವರಿಲ್ಲದೆ. ದಾಖಲೆಯಲ್ಲಿ ಅದನ್ನು ಶಾಲೆ ಬಿಟ್ಟವನು ಎಂದು ಬರೆದರು.

1995ರಲ್ಲಿ ಪಲ್ಸ್ ಪೋಲಿಯೊ ಬಂತು. ಶಾಲೆಗಳೇ ಬೂತುಗಳಾದವು, ಶಿಕ್ಷಕರು ಅಂಗನವಾಡಿ ಕಾರ್ಯಕರ್ತೆಯರ ಜೊತೆ ಐಸ್ ಡಬ್ಬಿ ಹಿಡಿದು ತೋಟದ ಮನೆಗಳಿಗೆ ಅಲೆದರು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶವನ್ನೂ ಒಳಗೊಂಡ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಬಂತು. ಇಂದು ಕಾಲೆಳೆಯುತ್ತ ಶಾಲೆಗೆ ಬರುವ ಮಗು ಅಪರೂಪ. ಇದರಿಂದ ಊರಿನ ಜನರಲ್ಲಿ ಅಂಗವೈಕಲ್ಯವೇ ಮುಗಿಯಿತೆಂಬ ಭಾವನೆ ಬಂದಿದೆ. ಮುಗಿದಿಲ್ಲ, ಕಣ್ಣಿಗೆ ಕಾಣುವಂಥದು ಕಡಿಮೆಯಾಗಿ ಕಾಣದಂಥದು ಉಳಿದಿದೆ. ಕಿವಿ ಕೇಳದ ಮಗು, ಬುದ್ಧಿ ನಿಧಾನದ ಮಗು, ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾದ ಮಗು, ಮೂರ್ಛೆ ಬರುವ ಮಗು. ಇಲ್ಲಿ ಒಂದು ಕಹಿ ಮಾತು ಹೇಳಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಾದದ್ದು. ಹುಟ್ಟು ಕಿವುಡುತನಕ್ಕೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು ಕಾರಣ. ಆಸ್ತಿ ಹೊರಗೆ ಹೋಗಬಾರದೆಂದು ಮಾಡಿದ ಮದುವೆಯ ಲೆಕ್ಕವನ್ನು ಕೊನೆಗೆ ಕೊಡುವುದು ಮಗು ಮತ್ತು ತಾಯಿ.

ಕೇಳಿಸದ ಮಗುವನ್ನು ಗುರುತಿಸುವುದು ಸುಲಭವಲ್ಲ. ರಬಕವಿ, ಬನಹಟ್ಟಿಯ ಪಾವರ್‌ಲೂಮ್ ಮನೆಗಳಲ್ಲಿ ಮಗ್ಗದ ಸದ್ದಿನ ನಡುವೆಯೇ ಮಕ್ಕಳು ಉಣ್ಣುತ್ತಾರೆ, ಮಲಗುತ್ತಾರೆ, ಕಂಡಿಕೆ ಸುತ್ತುತ್ತಾರೆ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಹೀಗಾಗಿ ಮಗುವಿಗೆ ಕೇಳುವುದಿಲ್ಲವೆಂದು ಮನೆಯವರಿಗೆ ತಿಳಿಯುವುದೇ ತಡ. ಶಾಲೆಗೆ ಬಂದ ಮೇಲೆ "ಲಕ್ಷ್ಯ ಕೊಡಂಗಿಲ್ಲ" ಎಂಬ ಬೈಗುಳ. ಕಣ್ಣಿನದೂ ಅಷ್ಟೇ. ಬೋರ್ಡು ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆಯುವ ಹುಡುಗನನ್ನು ಕಳ್ಳನೆಂದು ಶಿಕ್ಷಿಸಿದ್ದಕ್ಕಿಂತ, ಅವನನ್ನು ಮೊದಲ ಸಾಲಿಗೆ ತಂದು ಕೂಡಿಸಿದ ಶಿಕ್ಷಕರೇ ನಿಜವಾದ ಆರೋಗ್ಯ ತಪಾಸಣೆ ಮಾಡಿದವರು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ ವೈದ್ಯರ ತಂಡ ಶಾಲೆಗೇ ಬಂದು ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ; ಕನ್ನಡಕ, ಹೃದಯದ ಶಸ್ತ್ರಚಿಕಿತ್ಸೆ, ಸೀಳುತುಟಿಯ ಚಿಕಿತ್ಸೆಗೆ ದಾರಿ ತೋರುತ್ತದೆ. ಒಳ್ಳೆಯ ಕೆಲಸ. ತಪಾಸಣೆಯ ದಿನ ಗೈರಾದ ಮಗುವಿಗೇ ಅದು ಹೆಚ್ಚು ಬೇಕಾಗಿರುತ್ತದೆ ಎಂಬುದು ಮಾತ್ರ ಪ್ರತಿ ವರ್ಷದ ತೊಡಕು.

ಕಾನೂನಿನ ದಾರಿ ನಿಧಾನದ್ದು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಓದಿಸುವ ಕೇಂದ್ರದ ಸಮನ್ವಯ ಶಿಕ್ಷಣ ಯೋಜನೆ ಹುಟ್ಟಿದ್ದು 1974ರಲ್ಲಿ. ಅದರ ಸುದ್ದಿ ನಮ್ಮ ಹಳ್ಳಿಗಳಿಗೆ ಮುಟ್ಟಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1995ರ ಅಂಗವಿಕಲರ ಕಾಯ್ದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಮಾತಾಡಿತು. 2001ರ ಸರ್ವ ಶಿಕ್ಷಣ ಅಭಿಯಾನದ ಜೊತೆ ಇಳಿಜಾರು ರ‍್ಯಾಂಪು, ಶ್ರವಣ ಸಾಧನ, ತ್ರಿಚಕ್ರ ಸೈಕಲ್, ವೈದ್ಯಕೀಯ ಶಿಬಿರಗಳು ಬಂದವು. ರ‍್ಯಾಂಪುಗಳಲ್ಲಿ ಎಷ್ಟೋ ಕಡಿದಾಗಿದ್ದು, ಗಾಲಿಕುರ್ಚಿ ಏರುವುದಕ್ಕಿಂತ ಸಣ್ಣ ಮಕ್ಕಳು ಜಾರಲು ಚೆನ್ನಾಗಿದ್ದವು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಜಾರಿಯಾಯಿತು. 2012ರ ತಿದ್ದುಪಡಿಯಿಂದ ತೀವ್ರ ವೈಕಲ್ಯದ ಮಗುವಿಗೆ ಮನೆಯಲ್ಲೇ ಕಲಿಯುವ ಹಕ್ಕು ಸಿಕ್ಕಿತು. 2016ರ ಹೊಸ ಕಾಯ್ದೆ ವೈಕಲ್ಯದ ವಿಧಗಳನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿತು. ಕಲಿಕೆಯ ನಿರ್ದಿಷ್ಟ ತೊಂದರೆಯೂ ಅದರಲ್ಲಿ ಸೇರಿತು. ಅಕ್ಷರ ತಿರುಗುಮುರುಗು ಬರೆದು ಪೆಟ್ಟು ತಿಂದ ಹಳೆಯ ವಿದ್ಯಾರ್ಥಿಗಳಿಗೆ ತಮಗಿದ್ದ ತೊಂದರೆಯ ಹೆಸರು ತಿಳಿದದ್ದು ಹೀಗೆ, ತಮ್ಮ ಮಕ್ಕಳ ಕಾಲದಲ್ಲಿ.

ಇವುಗಳ ನಡುವೆ ಎರಡು ಹುದ್ದೆಗಳ ಬಗ್ಗೆ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಒಂದು, ಬಿ.ಆರ್.ಸಿ.ಯಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಮನೆಯಲ್ಲೇ ಇರುವ ಮಗುವಿನ ಹತ್ತಿರ ಹೋಗಿ, ಚಮಚ ಹಿಡಿಯುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು, ಬಣ್ಣ ಗುರುತಿಸುವುದನ್ನು ಕಲಿಸುವವರು ಇವರು. ನಮ್ಮ ಲೆಕ್ಕದ ಪಾಠ ಒಂದು ಅವಧಿಯಲ್ಲಿ ಮುಗಿಯುತ್ತದೆ. ಅವರ ಗುಂಡಿಯ ಪಾಠ ಆರು ತಿಂಗಳು ಹಿಡಿಯುತ್ತದೆ. ಇನ್ನೊಂದು, ಗ್ರಾಮ ಪಂಚಾಯ್ತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಹೆಚ್ಚಿನವರು ತಾವೇ ಅಂಗವಿಕಲರು, ಕೆಲವರು ನಮ್ಮಂಥ ಸರ್ಕಾರಿ ಪ್ರೌಢಶಾಲೆಗಳಲ್ಲೇ ಓದಿದವರು. ಅಲ್ಪ ಗೌರವಧನಕ್ಕೆ ಮನೆಮನೆ ಸುತ್ತಿ ಅರ್ಜಿ ತುಂಬಿಸುತ್ತಾರೆ. ಹಿಂದೆ ಅಣ್ಣನ ಸೈಕಲ್ಲಿನ ಮೇಲೆ ಬಂದ ಪೀಳಿಗೆಯೇ ಇಂದು ತ್ರಿಚಕ್ರ ಸ್ಕೂಟರಿನಲ್ಲಿ ಮುಂದಿನ ಪೀಳಿಗೆಯ ಮನೆಗೆ ಹೋಗುತ್ತಿದೆ.

ಅರ್ಜಿ ಎಂದೆ. ಸೌಲಭ್ಯವೆಲ್ಲ ನಿಂತಿರುವುದು ಪ್ರಮಾಣಪತ್ರದ ಮೇಲೆ, ಈಗ ಯು.ಡಿ.ಐ.ಡಿ. ಕಾರ್ಡಿನ ಮೇಲೆ. ವೈಕಲ್ಯ ಶೇ 40 ಇರಬೇಕು. ಅದನ್ನು ಅಳೆಯಲು ಹಲವು ಬಗೆಯ ವೈಕಲ್ಯಕ್ಕೆ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯವರೆಗೆ ಹೋಗಬೇಕು. ತೇರದಾಳ ಕಡೆಯ ತಾಯಿ ಬುದ್ಧಿಮಾಂದ್ಯ ಮಗನನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಹೋಗಿ, ಇವತ್ತು ಆ ವೈದ್ಯರಿಲ್ಲ ಎಂದು ಕೇಳಿ ಮರಳಿದರೆ, ಹೋದದ್ದು ಒಂದು ದಿನದ ಕೂಲಿ, ಇಬ್ಬರ ಊಟ, ಮತ್ತು ಇನ್ನೊಮ್ಮೆ ಹೋಗುವ ಧೈರ್ಯ. ಮಾಸಾಶನ ಇದೆ, ಇತ್ತೀಚಿನ ವರ್ಷಗಳಲ್ಲಿ ಶೇ 75ಕ್ಕೂ ಮೀರಿದ ವೈಕಲ್ಯಕ್ಕೆ ತಿಂಗಳಿಗೆ 1,400 ರೂಪಾಯಿ, ಅದಕ್ಕಿಂತ ಕಡಿಮೆಯಿದ್ದರೆ 800. ಅಂಥ ಮಗುವಿನ ಜೊತೆ ಇಡೀ ದಿನ ಮನೆಯಲ್ಲಿರುವ ತಾಯಿ ಕಳೆದುಕೊಳ್ಳುವ ಕೂಲಿಗೆ ಇದನ್ನು ಹೋಲಿಸಿ ನೋಡಿದರೆ ಮನೆಯ ಲೆಕ್ಕ ಅರ್ಥವಾಗುತ್ತದೆ.

ಮನೆಗೆ ಬೇರೆ ಭಾರಗಳೂ ಇದ್ದವು. ಮುಧೋಳ, ಜಮಖಂಡಿ ಕಡೆ ದೇವದಾಸಿ ಪದ್ಧತಿ ಬೇರೂರಿದ್ದ ಊರುಗಳನ್ನು ನಾವು ಮುಚ್ಚಿಡಬೇಕಾಗಿಲ್ಲ. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳು ಪ್ರವೇಶಕ್ಕೆ ಬಂದಾಗ ಅರ್ಜಿಯ "ತಂದೆಯ ಹೆಸರು" ಎಂಬ ಕಾಲಂ ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಅಜ್ಜನ ಹೆಸರೋ ಸೋದರಮಾವನ ಹೆಸರೋ ಬರೆದು, ಏನೂ ಕೇಳದೆ ಒಳಗೆ ಕರೆದುಕೊಂಡ ಗುರುಗಳು ಇದ್ದರು. ಎಲ್ಲರೆದುರು ಎರಡು ಸಲ ಕೇಳಿದವರೂ ಇದ್ದರು. 2000ರ ನಂತರದ ವರ್ಷಗಳಲ್ಲಿ ಎಚ್‌.ಐ.ವಿ. ಹೆಚ್ಚಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆ ಒಂದಾಗಿತ್ತು. ಅಜ್ಜಿಯೊಬ್ಬಳೇ ಸಾಕುತ್ತಿದ್ದ ಮಕ್ಕಳು ಜೂನ್‌ನಲ್ಲಿ ಮರಳಿ ಬಂದಾಗ ಅವರ ತಟ್ಟೆಯ ಪಕ್ಕ ಕೂರಲು ಹಿಂಜರಿದ ಕಾಲ ಅದು. ಆ ಸಮಯದಲ್ಲಿ ಜೊತೆಗೆ ಕೂತು ಉಂಡ ಶಿಕ್ಷಕ ಶಿಕ್ಷಕಿಯರ ಹೆಸರು ಯಾವ ಪ್ರಶಸ್ತಿ ಪಟ್ಟಿಯಲ್ಲೂ ಇಲ್ಲ.

ನೀರು ನಮ್ಮನ್ನು ಎರಡು ರೀತಿಯಲ್ಲಿ ಅಲುಗಿಸಿದೆ. ಆಲಮಟ್ಟಿ ಹಿನ್ನೀರಿಗೆ ಬೀಳಗಿ, ಜಮಖಂಡಿ ತಾಲ್ಲೂಕುಗಳ ಊರುಗಳು ಮುಳುಗಿ ಪುನರ್ವಸತಿ ಕೇಂದ್ರಗಳಿಗೆ ಹೋದಾಗ ಹಳೆಯ ನೆರೆಹೊರೆ ಚದುರಿತು. ಬುದ್ಧಿ ನಿಧಾನದ ಮಗುವನ್ನು ಇಡೀ ಓಣಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದುದು ನಿಂತಿತು. ಹೊಸ ಪ್ಲಾಟಿನಲ್ಲಿ ಅವನನ್ನು ಬಾಗಿಲು ಹಾಕಿಯೇ ಕೂಡಿಸಬೇಕಾಯಿತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿದಾಗ ಶಾಲೆಗಳೇ ಪರಿಹಾರ ಕೇಂದ್ರಗಳಾದವು. ನೀರು ಇಳಿದ ಮೇಲೆ ಪಠ್ಯಪುಸ್ತಕ ಮತ್ತೆ ಬಂತು. ಕೆಸರಿನಲ್ಲಿ ಹೋದ ಶ್ರವಣ ಸಾಧನ, ನೆನೆದು ಅಂಟಿಕೊಂಡ ಪ್ರಮಾಣಪತ್ರ ಅಷ್ಟು ಬೇಗ ಬರಲಿಲ್ಲ. ಅದರ ಮರುವರ್ಷವೇ ಕೊರೋನಾ. 2020ರ ಆಗಸ್ಟಿನಲ್ಲಿ ವಿದ್ಯಾಗಮದ ಪಾಠ ಗುಡಿಯ ಕಟ್ಟೆ, ಬೇವಿನ ಮರದ ನೆರಳಿಗೆ ಹೋಯಿತು, ಅಕ್ಟೋಬರಿನಲ್ಲಿ ನಿಂತಿತು. ಮಾಸ್ಕು ಹಾಕಿದ ಬಾಯಿ ನೋಡಿ ಕಿವಿ ಕೇಳದ ಮಗು ಏನು ಓದೀತು? ತುಟಿ ಓದಿಯೇ ಅವರು ಅರ್ಧ ಪಾಠ ಕಲಿಯುತ್ತಿದ್ದರು. ಶಾಲೆ ಪೂರ್ತಿ ತೆರೆದಾಗ ಕೆಲವು ಹುಡುಗಿಯರ ಕೊರಳಲ್ಲಿ ತಾಳಿಯಿತ್ತು, ಕೆಲವು ಹುಡುಗರು ಗೋವಾದಲ್ಲಿದ್ದರು.

ಈಗ ಜೂನ್ ಬಂದರೆ ಶಾಲಾ ಪ್ರಾರಂಭೋತ್ಸವ. ತೋರಣ, ಸಿಹಿ, ಹೊಸ ಪುಸ್ತಕ. ದಾಖಲಾತಿ ಆಂದೋಲನದ ಪಟ್ಟಿಯಲ್ಲಿ ವಿಶೇಷ ಚೇತನ ಮಕ್ಕಳಿಗೆ ಬೇರೆ ಕಾಲಂ ಇದೆ. ಹೆಣ್ಣುಮಗುವಾದರೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನ, ಕರೆತರುವವರಿಗೆ ಬೆಂಗಾವಲು ಭತ್ಯೆ, ಪರೀಕ್ಷೆಯಲ್ಲಿ ಬರೆಯಲಾಗದವರಿಗೆ ಕೆಳಗಿನ ತರಗತಿಯ ಲಿಪಿಕಾರ, ಹೆಚ್ಚುವರಿ ಸಮಯ, ಅರ್ಹರಿಗೆ ಭಾಷಾ ವಿನಾಯಿತಿ ಇವೆ. ಇವುಗಳನ್ನು ಕೇಳಿ ಪಡೆಯಬೇಕು, ಮತ್ತು ಪರೀಕ್ಷೆಯ ಹಿಂದಿನ ವಾರ ಕೇಳಿದರೆ ಆಗುವುದಿಲ್ಲ. ಜೂನ್, ಜುಲೈನಲ್ಲೇ ಮುಖ್ಯೋಪಾಧ್ಯಾಯರಿಗೆ ಕಾರ್ಡಿನ ಪ್ರತಿ ಕೊಟ್ಟಿಡಬೇಕು. ಕಬ್ಬು ಕಡಿಯಲು ಹೊರ ಜಿಲ್ಲೆಗಳಿಂದ ಗ್ಯಾಂಗಿನ ಜೊತೆ ಬಂದ ಮಕ್ಕಳಲ್ಲಿ ಇಂಥವರಿದ್ದರೆ ಅವರು ಎರಡೂ ಊರಿನ ಪಟ್ಟಿಯಿಂದ ತಪ್ಪಿಹೋಗುತ್ತಾರೆ. ಫ್ಯಾಕ್ಟರಿ ಶುರುವಾದ ಕೂಡಲೇ ಗುಡಿಸಲುಗಳ ಕಡೆ ಒಂದು ಸಲ ಹೋಗಿ ಬರುವ ಕೆಲಸವನ್ನು ನಮ್ಮ ಹಳೆಯ ವಿದ್ಯಾರ್ಥಿಗಳೂ ಮಾಡಬಹುದು.

ಮನೆಯಲ್ಲೇ ಕಲಿಯುವ ಮಗುವಿನ ಹೆಸರು ಈಗ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿದವರ ಜೊತೆಯೇ ಇರುತ್ತದೆ. ಅವಳು ತರಗತಿಗೆ ಬರುವುದಿಲ್ಲ, ಆದರೆ ಸಮವಸ್ತ್ರ ಬಂದ ದಿನ ಅವಳ ಅಳತೆಯದೂ ಬರುತ್ತದೆ. ಮನೆಗೆ ಹೋಗಿ ಕೊಟ್ಟಾಗ ಅಂಥ ತಾಯಂದಿರಲ್ಲಿ ಅನೇಕರು ಮೊದಲು ಕೇಳುವ ಪ್ರಶ್ನೆ ಒಂದೇ: "ಹತ್ತನೇದ ತನಾ ನೀವು ಬರತೀರಿ ಸರ್, ಅದರ ಮುಂದ ಯಾರು ಬರತಾರ?"